ಕಳ್ಳನೋವು

ಅಕ್ಕ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತಿದ್ದಳು. ಕನ್ನಡಿಯ ಮುಂದೆ ನಿಂತು, ಕೆಳಗಿನಿಂದ ಮೇಲಕ್ಕೆ, ಒಂದೊಂದು ಗುಂಡಿ ತೂತಿನಿಂದ ಆಚೆ ಮುಖ ತೋರಿಸಿದಾಗಲೂ ಸಣ್ಣಗೆ "ಹ್ಞೂಂ" ಅನ್ನುತ್ತ, ಹುಡುಗರ ಲೆಕ್ಕದ ಪಕ್ಕ ಸರಿ ಗುರುತು ಹಾಕುವವಳ ಹಾಗೆ. ಅಮ್ಮ ಬಾಗಿಲಲ್ಲಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟಿದ್ದಳು. ಸೌಟಿನ ತುದಿಯಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿರುವುದೂ ಅವಳಿಗೆ ಗೊತ್ತಿರಲಿಲ್ಲ. ತಂಗಿ ಮಂಚದ ಅಂಚಿನಲ್ಲಿ ಕೂತು, ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ನಗುತ್ತಿದ್ದಳು. ನಗುವುದು ಕಷ್ಟವಾಗಿರಲಿಲ್ಲ, ಸಂತೋಷ ನಿಜವಾಗಿಯೇ ಇತ್ತು. ಆದರೆ ಕಣ್ಣು ಮಾತ್ರ ಅಕ್ಕನ ಮುಖದ ಮೇಲೆ ನಿಲ್ಲದೆ ಅವಳ ಬೆರಳ ಗೆಣ್ಣುಗಳ ಮೇಲೇ ಓಡಾಡುತ್ತಿತ್ತು. ಕೆಂಪಾಗಿದೆಯೆ? ಚರ್ಮ ಬಿಗಿದು ಹೊಳೆಯುತ್ತಿದೆಯೆ? ನಿನ್ನೆಗಿಂತ ದಪ್ಪವಾಗಿದೆಯೆ? ಬಾಗಿ ಹೋದ ಎರಡು ಬೆರಳು ಬಾಗಿಯೇ ಇದ್ದವು, ಅವು ಇನ್ನು ನೆಟ್ಟಗಾಗುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಉಳಿದವು ಹುಡುಗಿಯ ಬೆರಳುಗಳ ಹಾಗೆ ತೆಳ್ಳಗೆ, ಚುರುಕಾಗಿ, ಯಾರದೋ ಕೈಯಿಂದ ಕಡ ತಂದಂತೆ ಆಡುತ್ತಿದ್ದವು.

"ಏನೇ ಹಾಗೆ ದಿಟ್ಟಿಸ್ತೀಯ? ದೃಷ್ಟಿ ಆಗುತ್ತೆ" ಎಂದಳು ಅಕ್ಕ, ಕನ್ನಡಿಯೊಳಗಿಂದಲೇ.

"ನೋಡ್ಲಿ ಬಿಡೇ. ಕೊಟ್ಟವಳು ಅವಳು ತಾನೆ" ಎಂದಳು ಅಮ್ಮ.

"ಕೊಟ್ಟದ್ದನ್ನ ಹೀಗೆ ಕಾವಲು ಕಾಯ್ತಾರಾ? ವಾಪಸ್ ಕೇಳೋ ಹಾಗಿದೆ ಇವಳ ಮುಖ."

ಮೂವರೂ ನಕ್ಕರು. ತಂಗಿಯ ತೊಡೆಯ ಕೆಳಗೆ ಬೆರಳುಗಳು ಬೇರೆಯೇ ಏನನ್ನೋ ಮಾಡುತ್ತಿದ್ದವು. ಬೆಳಿಗ್ಗೆ ಎದ್ದಾಗಿನಿಂದ ಅವು ಹಾಗೆಯೇ, ಒಣಗಿದ ಬಟ್ಟೆಯನ್ನು ಮಡಿಸಿದಂತೆ ಮಡಿಸಿಕೊಂಡು ಬಿಚ್ಚಿಕೊಳ್ಳಲಾರೆವು ಎನ್ನುತ್ತಿದ್ದವು. ಹಲ್ಲುಜ್ಜುವ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದು, ಬಚ್ಚಲ ಬಾಗಿಲು ಹಾಕಿಕೊಂಡು ಉಜ್ಜಿದ್ದಳು. ಮುಷ್ಟಿಯಲ್ಲಿ ಹಿಡಿಯುವುದು ಈ ಮನೆಗೆ ಹೊಸದಲ್ಲ. ಅಕ್ಕ ಶಾಲೆಯಲ್ಲಿ ಸೀಮೆಸುಣ್ಣವನ್ನು ಹಾಗೆ ಹಿಡಿದು ಬರೆಯುತ್ತಿದ್ದಳೆಂದೇ ಮಕ್ಕಳು ಅವಳಿಗೆ ಮುಷ್ಟಿ ಮಿಸ್ ಎಂದು ಹೆಸರಿಟ್ಟಿದ್ದರು. ಹೆಸರು ಕಿವಿಗೆ ಬಿದ್ದ ದಿನ ಅಕ್ಕ ಮನೆಗೆ ಬಂದು ನಕ್ಕಳು, ಸದ್ಯ ಕಷ್ಟಿ ಮಿಸ್ ಅಂತ ಇಡಲಿಲ್ಲವಲ್ಲ ಎಂದು. ಆ ನಗು ತಂಗಿಗೆ ಯಾವತ್ತೂ ಬರಲಿಲ್ಲ. ಅವಳಿಗೂ ಒಂದು ಅಡ್ಡಹೆಸರಿತ್ತು, ಮನೆಯವರೇ ಇಟ್ಟದ್ದು.

ಆಸ್ಪತ್ರೆಗೆ ಹೋಗಬೇಕಾದದ್ದು ಮಧ್ಯಾಹ್ನ. ಅಲ್ಲಿಯತನಕ ಕೆಲಸವಿತ್ತು. ಕನ್ನಡಕದಂಗಡಿಯ ಹಿಂಭಾಗದಲ್ಲಿ, ಗಾಜಿನ ಅಡ್ಡತಡಿಕೆಯಾಚೆ, ಬಗ್ಗಿಸಿದ ದೀಪದ ಕೆಳಗೆ ಅವಳ ಮೇಜು. ಫ್ರೇಮುಗಳಿಗೆ ಕಡ್ಡಿ ಕೂಡಿಸುವುದು, ಮೂಗಿನ ಮೇಲೆ ಕೂರುವ ಮೆತ್ತೆ ಬದಲಿಸುವುದು, ಸಡಿಲಾದದ್ದನ್ನು ಬಿಗಿ ಮಾಡುವುದು. ಸಾಸಿವೆಗಿಂತ ಚಿಕ್ಕ ಸ್ಕ್ರೂಗಳನ್ನು ಚಿಮಟದಿಂದ ಎತ್ತಿ ಕೀಲಿನ ತೂತಿಗೆ ಇಳಿಬಿಟ್ಟು ತಿರುಗಿಸುವಾಗ ಉಸಿರು ಹಿಡಿದಿರಬೇಕು. ಮಾತು ಬೇಡದ ಈ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಈಚೆಗೆ ಅವಳು ಚಿಮಟ ಬಿಟ್ಟು, ಸ್ಕ್ರೂಡ್ರೈವರಿನ ತುದಿಗೆ ಚೂರು ಮೇಣ ಮೆತ್ತಿ ಅದಕ್ಕೆ ಸ್ಕ್ರೂ ಅಂಟಿಸಿಕೊಳ್ಳುತ್ತಿದ್ದಳು. ಇದು ಜಾಣತನವೋ ಕಳ್ಳತನವೋ ಅವಳಿಗೆ ತೀರ್ಮಾನವಾಗಿರಲಿಲ್ಲ.

ಇವತ್ತು ಮೇಣವೂ ಕೈಕೊಟ್ಟಿತು. ವಯಸ್ಸಾದ ಹೆಂಗಸೊಬ್ಬರು ಕಡ್ಡಿ ಕಳಚಿದ ಕನ್ನಡಕ ತಂದು, "ಇದಿಲ್ಲದೆ ನನಗೆ ನನ್ನ ಕಾಲೇ ಕಾಣ್ಸಲ್ಲಮ್ಮ, ಬೇಗ ಮಾಡ್ಕೊಡು" ಎಂದು ಎದುರಿಗೇ ಕೂತಿದ್ದರು. ಸ್ಕ್ರೂ ತೂತಿನ ಬಾಯಿಗೆ ಬಂದಿತ್ತು. ಹೆಬ್ಬೆರಳು, ತೋರುಬೆರಳು ಎರಡೂ ಒಟ್ಟಿಗೆ, ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದಂತೆ, ಬೆದರಿ ಸಡಿಲವಾದವು. ಸದ್ದೇ ಇಲ್ಲದೆ ಬಿತ್ತು. ಅವಳು ಕೆಳಗೆ ಬಗ್ಗುವ ಮುಂಚೆಯೇ ಆ ಹೆಂಗಸು ಕುರ್ಚಿಯಿಂದಿಳಿದು ಮಂಡಿಯೂರಿ, ಏನೂ ಕಾಣದ ಕಣ್ಣುಗಳಿಂದ, ಅಂಗೈಯಲ್ಲಿ ನೆಲ ಸವರುತ್ತ ಹುಡುಕತೊಡಗಿದರು. "ಬೇಡಿ, ನೀವು ಏಳಿ, ಬೇರೆ ಇದೆ" ಎಂದು ಹೇಳಬೇಕಿತ್ತು. ಡಬ್ಬಿಯ ತುಂಬ ಅಂಥ ಸ್ಕ್ರೂಗಳೇ ಇದ್ದವು. ಆದರೆ ಅವಳೂ ಮಂಡಿಯೂರಿದಳು. ಕಣ್ಣು ಕಾಣದವರೊಬ್ಬರು, ಕೈ ಬಾರದವಳೊಬ್ಬಳು, ಮೇಜಿನ ಕೆಳಗಿನ ಧೂಳಿನಲ್ಲಿ ಮುಖಾಮುಖಿಯಾಗಿ. ಯಜಮಾನರು ತಡಿಕೆಯ ಮೇಲಿಂದ ಇಣುಕಿದರು.

"ಏನಮ್ಮಾ ಮೌನಗೌರಿ, ಗಿರಾಕಿನ ನೆಲ ಒರೆಸೋಕೆ ಹಚ್ಚಿದೀಯಲ್ಲ?"

"ಸ್ಕ್ರೂ ಬಿತ್ತು ಸರ್."

"ಬೀಳಲಿ ಬಿಡು. ನಮ್ಮನೇಲಿ ಎಲ್ಲರಿಗೂ ಒಂದೊಂದು ಸ್ಕ್ರೂ ಲೂಸೇ" ಎಂದು ಆ ಹೆಂಗಸಿನ ರಟ್ಟೆ ಹಿಡಿದು ಎಬ್ಬಿಸಿದರು. "ನೀವು ಏಳಿ ತಾಯಿ. ಇವಳು ಅಕ್ಕನಿಗೆ ಮೂಳೆಯೊಳಗಿಂದ್ಲೇ ತೆಗೆದು ಕೊಟ್ಟವಳು. ಇಂಥವಳು ಸ್ಕ್ರೂ ಬೀಳಿಸಿದರೆ ನಾನು ಬಾಯಿ ಮುಚ್ಚಿಕೊಂಡಿರಬೇಕು."

ಆ ಹೆಂಗಸು ಮಂಜಾದ ಕಣ್ಣುಗಳನ್ನು ಅವಳತ್ತ ತಿರುಗಿಸಿ ಕೈ ಮುಗಿದರು. ಮುಗಿದ ದಿಕ್ಕು ತುಸು ತಪ್ಪಿ, ಆ ನಮಸ್ಕಾರ ಪಕ್ಕದ ಕಪಾಟಿಗೆ ಹೋಯಿತು. ಒಳ್ಳೆಯದೇ ಆಯಿತು, ಅದಕ್ಕೇ ಸಲ್ಲಲಿ, ಅನ್ನಿಸಿತು ಅವಳಿಗೆ.

ಮೂಳೆಯೊಳಗಿಂದ ತೆಗೆದು ಕೊಟ್ಟವಳು. ಎಲ್ಲರೂ ಹೀಗೆಯೇ ಹೇಳುತ್ತಿದ್ದರು, ಏನೋ ತ್ಯಾಗ ಮಾಡಿದವಳ ಹಾಗೆ. ನಿಜಕ್ಕೂ ಅವಳು ಬೋರಲು ಮಲಗಿ ನಿದ್ದೆ ಮಾಡಿದ್ದಳು, ಅಷ್ಟೆ. ಎದ್ದಾಗ ಸೊಂಟದ ಹಿಂದೆ ಒದೆ ತಿಂದಂಥ ನೋವು, ಕೆಲವು ದಿನ ಇದ್ದು ಹೋಯಿತು. ಆ ನೋವಿನ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ಸೂಜಿ ಚುಚ್ಚಿದ್ದರು, ನೋಯುತ್ತಿತ್ತು, ಎಲ್ಲರೂ ಒಪ್ಪಿದ ನೋವು. ಅವಳು ಹೆದರಿದ್ದು ಒಪ್ಪಿಗೆಯಿಲ್ಲದ ಇನ್ನೊಂದಕ್ಕೆ, ಬೆರಳಿನದಕ್ಕೆ. ಕೀಲುನೋವಿಗೆಂದು ವರ್ಷಗಟ್ಟಲೆ ನುಂಗಿದ ಮದ್ದಿನಲ್ಲಿ ಯಾವುದೋ ಒಂದು ಅಕ್ಕನ ಮೂಳೆಯೊಳಗಿನ ಮಜ್ಜೆಯನ್ನೇ ಒಣಗಿಸಿತ್ತು. ಹಲ್ಲಿನ ಸಂದಿಯಿಂದ ರಕ್ತ, ತೊಡೆಯ ಮೇಲೆ ತಾನಾಗಿ ಮೂಡುವ ನೀಲಿ, ಮೆಟ್ಟಿಲು ಹತ್ತಿದರೆ ಉಸಿರಿಲ್ಲ. ರಕ್ತದ ಡಾಕ್ಟರು, ಕನ್ನಡಕವನ್ನು ತಲೆಗೇರಿಸಿಕೊಂಡೇ ಅದನ್ನು ಮೇಜಿನ ಮೇಲೆ ಹುಡುಕುವ ಹೆಂಗಸು, ಮೂವರನ್ನೂ ಕೂರಿಸಿಕೊಂಡು ಹೇಳಿದ್ದರು: "ಮೈಗೆ ಕಾವಲು ಕಾಯೋ ಕಣಗಳು ಹುಟ್ಟೋದು ಈ ಮಜ್ಜೆಯಲ್ಲೇ. ಇವರ ಕಾವಲಿನವರಿಗೆ ತಮ್ಮವರು ಯಾರು, ಪರರು ಯಾರು ಅನ್ನೋ ಗುರುತೇ ತಪ್ಪಿಹೋಗಿದೆ. ತಮ್ಮದೇ ಕೀಲಿನ ಮೇಲೆ ಬೀಳ್ತಾ ಇದಾರೆ."

"ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ ಅನ್ನಿ" ಎಂದಿದ್ದಳು ಅಮ್ಮ.

"ಅದೇ ಅಮ್ಮ. ಈಗ ಆ ಬೇಲಿನೂ ಒಣಗಿದೆ. ಉಳಿದ ಬುಡ ಕಿತ್ತು ಹೊಸ ಬೇಲಿ ನೆಡಬೇಕು. ನಿಮ್ಮ ಚಿಕ್ಕವಳದ್ದು ಹೊಂದುತ್ತೆ. ನಾವು ಮಾಡೋದು ರಕ್ತ ಉಳಿಸೋಕೆ. ಆದರೆ ಕಾವಲಿನವರೇ ಬದಲಾದರೆ ಕೀಲಿನ ಕಾಟವೂ ಅಡಗಬಹುದು. ಹಾಗೆ ಆದದ್ದುಂಟು. ಖಾತರಿ ಮಾತ್ರ ಕೇಳಬೇಡಿ."

ಮನೆಗೆ ಬಂದು ಅಮ್ಮ ಇದನ್ನು ಫೋನಿನಲ್ಲಿ ಸೋದರತ್ತೆಗೆ ಕೂಗಿ ಹೇಳಿದಳು. ಸೋದರತ್ತೆಗೆ ಕಿವಿ ದೂರ. "ಮಜ್ಜಿಗೆನಾ? ಮಜ್ಜಿಗೆ ಕೊಡೋಕೆ ಆಸ್ಪತ್ರೆ ಯಾಕೆ?" ಎಂದು ಆ ಕಡೆಯಿಂದ ಬಂದ ಕೂಗು ಕೋಣೆಯವರೆಗೂ ಕೇಳಿ, ರಕ್ತ ಜಿನುಗುವ ವಸಡಿನಲ್ಲೇ ಅಕ್ಕ ಬಿದ್ದು ಬಿದ್ದು ನಕ್ಕಳು. ಅಮ್ಮ ಸೋತು, "ಹ್ಞೂಂ, ಹಾಗೇ ಅಂದ್ಕೊಳ್ಳಿ. ಹಾಲು ಚೆನ್ನಾಗಿ ಕಾಯಿಸಿ, ಆರಿಸಿ, ಇವಳದ್ದೊಂದು ಚಮಚ ಹೆಪ್ಪು ಹಾಕ್ತಾರಂತೆ" ಎಂದಳು. ಆಮೇಲೆ ಮನೆಯ ಭಾಷೆಯೇ ಅದಾಯಿತು. ಅಕ್ಕನಿಗೆ ಕೊಟ್ಟ ಭಾರಿ ಮದ್ದುಗಳು ಕಾಯಿಸುವುದು, ಗಾಜಿನ ಕೋಣೆಯಲ್ಲಿ ಒಬ್ಬಳೇ ಕೂದಲುದುರಿ ಮಲಗಿದ್ದು ಆರಿಸುವುದು, ಕೆಂಪು ಶರಬತ್ತಿನಂಥ ಚೀಲವೊಂದು ತೊಟ್ಟು ತೊಟ್ಟಾಗಿ ಇಳಿದದ್ದು ಹೆಪ್ಪು. "ಹತ್ತಿತಂತೆ, ಹೆಪ್ಪು ಹತ್ತಿತಂತೆ" ಎಂದು ಅಮ್ಮ ಆಸ್ಪತ್ರೆಯ ಕಂಬವೊಂದನ್ನು ತಬ್ಬಿಕೊಂಡು ಅತ್ತಳು. ತಂಗಿ ಆಗ ಯೋಚಿಸಿದ್ದು ಒಂದೇ. ಹುಳಿ ಹೆಪ್ಪು ಹಾಕಿದರೆ ಎಂಥ ಒಳ್ಳೆಯ ಹಾಲೂ ಹುಳಿಯೇ ಆಗುತ್ತದೆ. ಅದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಕೊಡುವ ಮುಂಚೆ ಅವಳನ್ನೂ ಕೇಳಿದ್ದರು. ಬೇರೊಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ತರಕಾರಿಯವನು ಗಾಡಿಯಲ್ಲಿರುವುದನ್ನೆಲ್ಲ ಒಂದೇ ಉಸಿರಿಗೆ ಕೂಗುವ ಹಾಗೆ: ಸಕ್ಕರೆ? ಬಿಪಿ? ಕಾಮಾಲೆ? ಉಬ್ಬಸ? ಕೀಲುನೋವು? "ಇಲ್ಲ, ಇಲ್ಲ, ಇಲ್ಲ." ಆ ಓಟದಲ್ಲಿ ಕೊನೆಯ ಇಲ್ಲವೂ ಹಿಂದಿನವುಗಳ ಬಾಲ ಹಿಡಿದು ಹೋಗಿಬಿಟ್ಟಿತು. ಆಗ ಬೆರಳುಗಳು ಬೆಳಿಗ್ಗೆ ಬೆಳಿಗ್ಗೆ ಹಿಡಿದುಕೊಳ್ಳಲು ಶುರುವಾಗಿತ್ತೆ? ಆಗಿತ್ತು. ಆಗಿತ್ತು ಅಂತಲೇ ಅವಳ ನೆನಪು. ಆದರೆ ಅದೇ ದಿನಗಳಲ್ಲಿ ಸೂಜಿಯ ಉದ್ದ ಕೇಳಿ ಬಂದು ಅವಳು ಅದನ್ನು ತನ್ನ ಬೆರಳಿನ ಪಕ್ಕ ಅಳೆದು ಅಳೆದು ನೋಡುತ್ತಿದ್ದಳು. ನಿನಗೆ ಭಯ, ಅದಕ್ಕೇ ಕೈ ನೆಪ ಹುಡುಕುತ್ತಿದೆ ಎಂದು ತನ್ನನ್ನೇ ಗದರಿಸಿದ್ದಳು. ಪಕ್ಕದಲ್ಲಿ ಕೂತ ಅಮ್ಮನ ಕೈ ಅವಳ ಮಂಡಿಯ ಮೇಲಿತ್ತು, ಅದೇ ಮಂಡಿಯ ಮೇಲೆ.

ಅಕ್ಕನ ಮಂಡಿ ಮೊದಲ ಸಲ ಬಾತಾಗ ಅವಳಿನ್ನೂ ಲಂಗದ ಹುಡುಗಿ. ಮನೆಯೆಲ್ಲ ಅಕ್ಕನ ಮಂಚದ ಸುತ್ತ ಸುತ್ತುತ್ತಿತ್ತು; ಅಪ್ಪ ಕೂಡ, ಆಗ ಇದ್ದ ಅಪ್ಪ, ಕೆಲಸದಿಂದ ಬಂದವನೇ ಚಪ್ಪಲಿ ಬಿಡದೆ ಆ ಕೋಣೆಗೆ ಹೋಗುತ್ತಿದ್ದ. ಒಂದು ದಿನ ತಂಗಿಗೂ ಮಂಡಿ ನೋವು ಬಂತು. ಅಮ್ಮ ಗಾಬರಿಯಾಗಿ ಇಬ್ಬರನ್ನೂ ಪಕ್ಕಪಕ್ಕ ಮಲಗಿಸಿ, ಬಿಸಿ ಎಣ್ಣೆ ಹಚ್ಚಿ, ಸರದಿಯ ಮೇಲೆ ಉಜ್ಜಿದಳು. ಮೂರನೆಯ ದಿನವೋ ನಾಲ್ಕನೆಯ ದಿನವೋ ಪಕ್ಕದ ಮನೆಯ ಅಂಗಳದಲ್ಲಿ ಅವಳು ಹಗ್ಗ ಜಿಗಿಯುವುದನ್ನು ಅಪ್ಪ ಕಂಡ. ಬೈಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ, ಎಲ್ಲರನ್ನೂ ಕರೆದು ತೋರಿಸಿದ. "ನೋಡ್ರೋ ನಮ್ಮ ಕಳ್ಳನೋವು ಹೇಗೆ ಹಾರ್ತಿದೆ!" ಅವತ್ತಿನಿಂದ ತಲೆನೋವೆಂದರೂ ಕಳ್ಳನೋವು, ಜ್ವರಕ್ಕೆ ಥರ್ಮಾಮೀಟರು ಇಟ್ಟು ನೋಡುವ ಮುಂಚೆಯೂ ಕಳ್ಳನೋವು. ಪ್ರೀತಿಯಿಂದಲೇ. ಯಾರಿಗೂ ಹೇಳದ ಮಾತೊಂದಿತ್ತು, ಅವಳು ಮುಚ್ಚಿಟ್ಟಿದ್ದಲ್ಲ, ಯಾರೂ ಕೇಳಲಿಲ್ಲ. ಅಮ್ಮನ ಕೈ ಮಂಡಿಯ ಮೇಲಿದ್ದಷ್ಟು ಹೊತ್ತೂ ಅದು ನಿಜವಾಗಿ ನೋಯುತ್ತಿತ್ತು. ಕೈ ತೆಗೆದ ಮೇಲೆ ನಿಂತಿತು. ಅದನ್ನು ಏನೆಂದು ಕರೆಯಬೇಕು? ಈಗಿನ ಇದನ್ನು ಏನೆಂದು ಕರೆಯಬೇಕು? ಅಕ್ಕನ ಊತ ಇಳಿದು, ಈ ಮನೆಯಲ್ಲಿ ನೋಯುವವರು ಕೂರುವ ಕುರ್ಚಿ ಖಾಲಿಯಾದದ್ದನ್ನು ಕಂಡು ತಾನೇ ಹೋಗಿ ಕೂತುಬಿಟ್ಟಳೋ ಏನೋ. ಇಲ್ಲ, ಮುಂಚಿನಿಂದ ಇತ್ತು. ಇತ್ತೆ? ಮೈಯ ಕಾವಲಿನವರಿಗೆ ಗುರುತು ತಪ್ಪುತ್ತದೆ ಎಂದು ಡಾಕ್ಟರು ಹೇಳಿದ್ದರು. ಮನಸ್ಸಿನ ಕಾವಲಿಗೂ ಹಾಗೆ ಆಗುವುದುಂಟೆ ಎಂದು ಕೇಳಬೇಕೆನ್ನಿಸಿತ್ತು ಅವಳಿಗೆ, ಒಳಗಿನಿಂದ ಏನು ಎದ್ದುಬಂದರೂ ಕಳ್ಳ ಕಳ್ಳ ಎಂದು ಕೂಗಿ ಅಟ್ಟಿಸಿಕೊಂಡು ಹೋಗುವ ಹಾಗೆ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ, ಮೂಗುಬಾಯಿಗೆ ಮುಸುಕು, ತಲೆಗೆ ಬಟ್ಟೆ. ಹೊಸ ಕೂದಲು ಮರಿಹಕ್ಕಿಯ ಪುಕ್ಕದ ಹಾಗೆ ಅಂಚಿನಲ್ಲಿ ಇಣುಕುತ್ತಿತ್ತು. ಅವಳು ಎಡೆಬಿಡದೆ ಮಾತಾಡುತ್ತಿದ್ದಳು. ಇವತ್ತು ಡಾಕ್ಟರನ್ನು ಶಾಲೆಯ ವಿಷಯ ಕೇಳುತ್ತೇನೆ, ಬಚ್ಚಲ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದು ನೋಡಿದೆ, ಸೊನ್ನೆ ಚೆನ್ನಾಗಿ ಬರುತ್ತೆ, ಎಂಟು ಸ್ವಲ್ಪ ಕುಡಿದವರ ಹಾಗೆ ವಾಲುತ್ತೆ.

"ಹೋದ ಸಲ ಏನಂದ್ರು ಅವರು, ನೆನಪಿದೆಯಾ?" ಎಂದು ತಂಗಿ ಕೇಳಿದಳು. ತನಗೆ ಅಕ್ಷರ ಅಕ್ಷರವೂ ನೆನಪಿತ್ತು.

"ಇವತ್ತಿಂದ ಆ ದೊಡ್ಡ ಮಾತ್ರೆ ಇಳಿಸ್ತಾರೆ. ನಿನ್ನ ಮಜ್ಜೆ ನನ್ನ ಮೇಲೆ ತಿರುಗಿ ಬೀಳದ ಹಾಗೆ ಹದ್ದುಬಸ್ತಿನಲ್ಲಿ ಇಟ್ಟಿರೋದು ಅದೇ ಅಂತಲ್ಲ? ಆಮೇಲೆ ನಿಜ ಗೊತ್ತಾಗುತ್ತೆ, ಕೀಲಿನ ರೋಗ ಮಾತ್ರೆ ನೆರಳಲ್ಲಿ ಮಲಗಿದೆಯೋ, ಮನೆ ಬಿಟ್ಟೇ ಹೋಗಿದೆಯೋ. ನನಗೇನೋ ಹೋಗಿದೆ ಅಂತ್ಲೇ ಅನ್ಸುತ್ತೆ ಕಣೇ. ಮೈಯೊಳಗೆ ಒಂಥರಾ ಸದ್ದಡಗಿದೆ. ಇಷ್ಟು ವರ್ಷ ಯಾರೋ ಒಳಗೆ ಪಾತ್ರೆ ಬಡೀತಾನೇ ಇದ್ದರು."

ತಂಗಿ ಆಸ್ಪತ್ರೆಯ ಕಾಗದಗಳ ಚೀಲ ಹೊತ್ತು ಕಂಬಿ ಹಿಡಿದುಕೊಂಡಿದ್ದಳು. ಬೆರಳಿನಿಂದಲ್ಲ, ಮೊಣಕೈ ಸಂದಿಯಲ್ಲಿ. ಮಾತ್ರೆ ಇಳಿಯುತ್ತದೆ, ಕಾವಲಿನವರ ಕಟ್ಟು ಬಿಚ್ಚುತ್ತದೆ. ಆ ಕಾವಲಿನವರು ಯಾರು? ತನ್ನ ಮೂಳೆಯಿಂದ ಹೋದವರು. ಇಲ್ಲಿ ತನ್ನ ಗೆಣ್ಣುಗಳಲ್ಲಿ ಬೆಳಗಿನ ಜಾವ ಕಲ್ಲು ತುಂಬುವವರ ಒಡಹುಟ್ಟಿದವರು. ಅಲ್ಲಿಯೂ ಅದನ್ನೇ ಮಾಡಿದರೆ? ಎಂಟು ಇನ್ನಷ್ಟು ವಾಲುತ್ತದೆ. ಮತ್ತೆ ಮುಷ್ಟಿ. ಮತ್ತೆ ಒಳಗೆ ಪಾತ್ರೆ ಬಡಿಯುವ ಸದ್ದು, ಈ ಸಲ ಬಡಿಯುವ ಕೈ ತಂಗಿಯದೇ. ಹೇಳಿಬಿಟ್ಟರೆ ಡಾಕ್ಟರು ಮಾತ್ರೆ ಇಳಿಸದೆ ಇರಬಹುದು, ಎಚ್ಚರದಿಂದ ನೋಡಬಹುದು. ಹೇಳಿದ್ದು ಸುಳ್ಳಾದರೆ, ತಾನು ಬರೀ ಕಳ್ಳನೋವಾದರೆ, ಅಕ್ಕನ ಶಾಲೆ ಸುಮ್ಮನೆ ಮುಂದಕ್ಕೆ ಹೋಗುತ್ತದೆ, ಈ ಮುಖ ಬಾಡುತ್ತದೆ. ಅವಳು ವಾಕ್ಯಗಳನ್ನು ಜೋಡಿಸಿಕೊಂಡಳು, ಮುರಿದಳು, ಮತ್ತೆ ಜೋಡಿಸಿದಳು. ಡಾಕ್ಟ್ರೇ, ಒಂದು ವಿಷಯ ನಿಮ್ಮ ಗಮನಕ್ಕೆ. ಡಾಕ್ಟ್ರೇ, ಬಹುಶಃ ಇದು ಏನೂ ಅಲ್ಲದಿರಬಹುದು.

ರಕ್ತದ ಡಾಕ್ಟರು ಇವತ್ತೂ ತಲೆಯ ಮೇಲಿನ ಕನ್ನಡಕವನ್ನು ಮೇಜಿನ ಮೇಲೆ ಹುಡುಕಿದರು. ಅದರ ಎಡಗಡ್ಡಿ ಸಡಿಲಾಗಿರುವುದು ತಂಗಿಗೆ ಕಂಡಿತು. ಇನ್ನು ನಾಲ್ಕು ದಿನದಲ್ಲಿ ಕಳಚಿಕೊಳ್ಳುತ್ತದೆ. "ಏನ್ ಟೀಚರಮ್ಮ, ಕೈ ಕೊಡಿ ನೋಡೋಣ. ನನ್ನ ಬೆರಳು ಹಿಡಿದು ಹಿಂಡಿ. ಇನ್ನೂ. ಅಯ್ಯೋ ಬಿಡ್ರೀ, ಸಂಜೆ ನಾನೂ ಕೆಲಸ ಮಾಡ್ಬೇಕು!" ಎಂದು ಕೈ ಕೊಡವಿಕೊಂಡರು. ಅಕ್ಕ ಮುಸುಕಿನೊಳಗೆ ನಕ್ಕದ್ದು ಅವಳ ಕಣ್ಣಿನಲ್ಲಿ ಕಂಡಿತು. ಡಾಕ್ಟರು ರಕ್ತದ ವರದಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ ತಲೆದೂಗಿದರು. "ಚೆನ್ನಾಗಿ ಬೇರು ಬಿಟ್ಟಿದೆ. ಹಾಗಾದ್ರೆ ಮಾತ್ರೆ ಇಳಿಸೋದು ಶುರು ಮಾಡೋಣ."

"ನನ್ನ ಕೈ ನೋಯುತ್ತೆ" ಎಂದಳು ತಂಗಿ.

ಡಾಕ್ಟರು ತಲೆಯೆತ್ತಿ ನೋಡಿದರು. "ಚೀಲ ಕೆಳಗಿಡಿ ಮತ್ತೆ. ಆಗ್ಲಿಂದ ಹೊತ್ತುಕೊಂಡೇ ನಿಂತಿದೀರ. ಕೂತ್ಕೊಳ್ಳಿ."

ಅವಳು ಚೀಲ ಕೆಳಗಿಟ್ಟಳು. ಕೂತಳು. ಡಾಕ್ಟರು ಮಾತ್ರೆಯ ಹೆಸರು ಬರೆಯತೊಡಗಿದರು, ಅಕ್ಕ ಶಾಲೆಯ ಮಾತು ತೆಗೆದಳು. ಇಷ್ಟೇ ಆಗಿದ್ದರೆ ಸಾಕಿತ್ತು, ಹೇಳಿದ್ದಂತೂ ಆಯಿತು, ಕೇಳಿಸಿಕೊಳ್ಳದಿದ್ದರೆ ತಪ್ಪು ಅವರದು. ಈ ಸಮಾಧಾನ ಎಷ್ಟು ಬೇಗ, ಎಷ್ಟು ಸಲೀಸಾಗಿ ಬಂದು ಪಕ್ಕದಲ್ಲಿ ಕೂತಿತೆಂದರೆ ಅವಳಿಗೆ ಅದರ ಮುಖ ಕಂಡು ಅಸಹ್ಯವಾಯಿತು.

"ಚೀಲದ್ದಲ್ಲ" ಎಂದಳು, ತೀರಾ ಜೋರಾಗಿ. "ಬೆಳಿಗ್ಗೆ ಹೊತ್ತು. ಗೆಣ್ಣುಗಳು. ಎರಡೂ ಕೈ. ಅಕ್ಕನಿಗೆ ಕೊಡೋಕೆ ಮುಂಚಿನಿಂದ. ಆವತ್ತು ಕೇಳಿದಾಗ ಇಲ್ಲ ಅಂದೆ."

ಪೆನ್ನು ನಿಂತಿತು. ಅಕ್ಕ ತಿರುಗಿದಳು. ಅವಳ ಮುಖದ ಮುಕ್ಕಾಲು ಪಾಲು ಮುಸುಕಿನ ಹಿಂದಿತ್ತು, ಉಳಿದ ಕಾಲು ಪಾಲನ್ನು ನೋಡುವ ಧೈರ್ಯ ತಂಗಿಗಾಗಲಿಲ್ಲ. ಡಾಕ್ಟರು ಎದ್ದು ಬಂದು, ಎದುರಿನ ಸ್ಟೂಲಿನಲ್ಲಿ ಕೂತು, ಅವಳ ಬಲಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಮುಷ್ಟಿಯ ಏಣುಗಳನ್ನು ಎರಡೂ ಕಡೆಯಿಂದ ಹಿಂಡಿದರು.

"ನೋವಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಹೇಗಮ್ಮ?"

"ನೋಯೋ ಹಾಗೆ ಅನ್ಸುತ್ತೆ. ಅದು ನೋವೇನಾ ಅಂತ ಗೊತ್ತಿಲ್ಲ."

ಡಾಕ್ಟರು ನಗುತ್ತಾರೆಂದುಕೊಂಡಳು. ಅವರು ನಗಲಿಲ್ಲ. "ಅನ್ಸೋದನ್ನೇ ನೋವು ಅನ್ನೋದು. ಅದಕ್ಕೆ ಬೇರೆ ಸಾಕ್ಷಿ ನನ್ನ ಹತ್ರಾನೂ ಇಲ್ಲ" ಎಂದು ಒಂದೊಂದೇ ಗೆಣ್ಣನ್ನು ಹೆಬ್ಬೆರಳಿನಲ್ಲಿ ಒತ್ತುತ್ತ ಹೋದರು. "ಇಲ್ಲಿ ಸ್ವಲ್ಪ ಬಾತಿದೆ. ಇಲ್ಲೂ. ನನಗೇ ಕೈಗೆ ಸಿಗ್ತಾ ಇದೆ." ಆಮೇಲೆ ಧ್ವನಿ ತಗ್ಗಿಸಿದರು. "ಆವತ್ತೇ ಹೇಳಬೇಕಿತ್ತು. ಹೇಳಿದ್ರೂ ಬಹುಶಃ ನಿಮ್ಮದನ್ನೇ ತಗೊಳ್ತಿದ್ವಿ, ಬೇರೆ ಯಾರದ್ದೂ ಹೊಂದ್ತಾ ಇರಲಿಲ್ಲ. ಆದರೆ ಕಣ್ಣು ಬಿಟ್ಟುಕೊಂಡು ತಗೊಳ್ತಿದ್ವಿ."

"ಅಕ್ಕನಿಗೂ ಬರುತ್ತಾ?"

"ಬರಬಹುದು. ಬರದೇನೂ ಇರಬಹುದು. ಒಂದೇ ಬೀಜ, ಆದರೆ ಮಣ್ಣು ಬೇರೆ. ನಿಮ್ಮ ರಕ್ತ ಇವತ್ತೇ ತೆಗೀತೀನಿ. ಅದರ ವರದಿ ಬರೋತನಕ ಇವರ ಮಾತ್ರೆ ಇಳಿಸೋದು ಬೇಡ, ಹಾಗೇ ಇರಲಿ." ಅಕ್ಕನತ್ತ ತಿರುಗಿದರು. "ಶಾಲೆನೂ ಸ್ವಲ್ಪ ತಡೀರಿ ಟೀಚರಮ್ಮ. ಈ ಮಾತ್ರೆ ಇರೋವಾಗ ಮಕ್ಕಳ ಗುಂಪಿನಲ್ಲಿ ನಿಲ್ಲಬಾರದು."

"ಆಯ್ತು" ಎಂದಳು ಅಕ್ಕ. ಅಷ್ಟೆ.

ರಕ್ತ ತೆಗೆಯುವ ಕಿಟಕಿಯಲ್ಲಿ ತಂಗಿ ತೋಳು ಚಾಚಿದಳು. ನರ್ಸು, "ಮುಷ್ಟಿ ಬಿಗಿ ಹಿಡಿ" ಎಂದಳು. ಬಿಗಿ ಆಗಲಿಲ್ಲ. "ಇನ್ನೂ ಬಿಗಿ ಅಂದ್ರೆ! ಊಟ ಮಾಡಿಲ್ವಾ?" ಹಿಂದೆ ನಿಂತ ಜನ ಇಣುಕಿದರು. ಎಲ್ಲ ಮುಗಿದು ತಿರುಗಿದಾಗ ಅಕ್ಕ ಇರಲಿಲ್ಲ. ಉದ್ದನೆಯ ಹಾದಿಯ ಬೆಂಚುಗಳ ಮೇಲೆ ಬೇರೆ ಯಾರ ಯಾರದೋ ಅಕ್ಕಂದಿರು ಕೂತಿದ್ದರು. ಅವಳು ಹತ್ತಿಯ ಚೂರನ್ನು ತೋಳಿಗೊತ್ತಿಕೊಂಡು ನಡೆದಳು. ಹೋಗಿಬಿಟ್ಟಿರಬೇಕು. ಹೋಗಲಿ. ಒಬ್ಬಳೇ ಬಸ್ಸು ಹತ್ತಬಲ್ಲಳು ಈಗ, ಅವಳ ಕೈಗೆ ಕಂಬಿ ಹಿಡಿಯಲು ಬರುತ್ತದೆ. ಈ ಯೋಚನೆಯಲ್ಲಿದ್ದ ಕೊಂಕು ತನ್ನದೇ ಎಂದು ಗೊತ್ತಾಗಿ, ಅದರ ಬೆನ್ನಿಗೇ ಕಣ್ಣು ತುಂಬಿತು. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ಯಾರು ಹೇಳಿದವರು? ಅವಳಿಗಂತೂ ಹೊತ್ತ ಮೂಟೆ ಇಳಿಸುವಾಗ ಅದು ಅಕ್ಕನ ಕಾಲ ಮೇಲೇ ಬಿದ್ದಂತಿತ್ತು.

ಅಕ್ಕ ಹೊರಗಿನ ಚಹಾದ ಕಟ್ಟೆಯ ಹತ್ತಿರ ನಿಂತಿದ್ದಳು, ಒಂದೇ ಒಂದು ಕಾಗದದ ಲೋಟ ಹಿಡಿದು. ಹೊರಗಿನದನ್ನು ಅವಳು ಬಾಯಿಗಿಡುವಂತಿರಲಿಲ್ಲ. "ಹಿಡಿ" ಎಂದು ಚಾಚಿದಳು. ತಂಗಿ ಎರಡೂ ಅಂಗೈಗಳ ನಡುವೆ ಲೋಟವನ್ನು ತೆಗೆದುಕೊಂಡಳು.

"ಬೆಳಿಗ್ಗೆ ಎಷ್ಟು ಹೊತ್ತು ಇರುತ್ತೆ?"

"ಅಂಗಡಿಗೆ ಹೋಗಿ ಸುಮಾರು ಹೊತ್ತಿನ ತನಕ."

"ಎದ್ದ ತಕ್ಷಣ ಬಿಸಿ ನೀರಲ್ಲಿ ಕೈ ಇಡ್ತೀಯಾ?"

"ಇಲ್ಲ."

"ಯಾಕೆ? ಹತ್ತು ವರ್ಷ ನೀನೇ ನನಗೆ ನೀರು ಕಾಯಿಸಿ ತಂದಿಟ್ಟಿಲ್ವಾ? ಗೊತ್ತಿಲ್ಲದವಳಾ?"

"ಇಟ್ಟರೆ... ನಿಜ ಆಗಿಬಿಡುತ್ತೆ ಅಂತ."

ಅಕ್ಕ ಕಣ್ಣು ಮುಚ್ಚಿದಳು. ತೆರೆದಾಗ ಅವು ಕೆಂಪಾಗಿದ್ದವು. "ನನಗೆ ಸಿಟ್ಟು ಬಂದಿದೆ ಕಣೇ. ಇಲ್ಲ ಅಂತ ಹೇಳಲ್ಲ. ಸೀಮೆಸುಣ್ಣದ ಡಬ್ಬಿ ತೆಗೆದಿಟ್ಟಿದ್ದೆ ನಾನು. ಪಕ್ಕದ ಮಂಚದಲ್ಲಿ ಮಲಗಿ, ನಾನು ಗುಂಡಿ ಹಾಕೋದನ್ನ ನೋಡಿಕೊಂಡು, ನೀನು..."

"ನಿನಗೆ ಕೊಡಬಾರದಿತ್ತು ನಾನು."

"ಬಾಯಿ ಮುಚ್ಚು. ಕೊಡದಿದ್ದರೆ ಏನಾಗ್ತಿತ್ತು ಅಂತ ನಿನಗೂ ಗೊತ್ತು. ಬದುಕಿದ್ದರೆ ತಾನೇ ಕೈ ನೋಯೋದು? ನಾಳೆ ಬಂದರೆ ಬರಲಿ, ಅದರ ಮುಖ ನಾನು ನೋಡದ್ದೇನಲ್ಲ. ನಿನಗೆ ಹೊಸದು, ಅದಕ್ಕೆ ಹೇಳ್ತೀನಿ ಕೇಳು. ಕಲ್ಲಾಗಿರುವಾಗ ಬಲವಂತ ಮಾಡಬಾರದು, ನೀರಲ್ಲಿಟ್ಟು ಕಾಯಬೇಕು. ಚೀಲ ಬೆರಳಿಗೆ ಸಿಗಿಸಬಾರದು, ಭುಜಕ್ಕೆ. ಅಂಗಡಿಯವರಿಗೆ ಇವತ್ತೇ ಹೇಳು. ಮತ್ತೆ, ಯಾರಾದರೂ ಈಗ ಹೇಗಿದೆ ಅಂದರೆ ಚೆನ್ನಾಗಿದೆ ಅನ್ನಬೇಡ. ನಾನು ಹಾಗೆ ಅಂದು ಅಂದೇ ಕೆಟ್ಟೆ."

ಅಮ್ಮನ ಫೋನು ಬಂತು. ಅಕ್ಕ ಎತ್ತಿಕೊಂಡಳು. "ಹ್ಞೂಂ, ನಂದು ಚೆನ್ನಾಗೇ ಇದೆಯಂತೆ. ಮಾತ್ರೆ ಇಳಿಸಿಲ್ಲ. ಇವಳಿಗೆ ಕೈ ನೋವಮ್ಮ. ಚಿಕ್ಕವಳಿಗೆ. ಗೆಣ್ಣೆಲ್ಲ ಬಾತಿದೆ." ಆ ಕಡೆಯಿಂದ ಅಮ್ಮ ಏನು ಹೇಳಿದಳೋ, ಅಕ್ಕನ ಮುಖ ಗಡುಸಾಯಿತು. "ಇಲ್ಲಮ್ಮ. ನಿಜವಾಗಿ. ನಿಜವಾಗಿ ನೋವು ಅವಳಿಗೆ."

ಬೇರೆಯವರ ಬಾಯಿಂದ ಆ ಮಾತು ಕೇಳಿದ್ದೇ ತಡ, ಇಷ್ಟು ದಿನ ಹೊಸ್ತಿಲಾಚೆ ನಿಂತು ಕರೆಯಲೆಂದು ಕಾದಿದ್ದ ಹಾಗೆ, ಅದು ಒಳಗೆ ಬಂತು. ಹೆಬ್ಬೆರಳ ಬುಡದಿಂದ ಎದ್ದು, ಒಂದೊಂದೇ ಗೆಣ್ಣಿನಲ್ಲಿ ದೀಪ ಹಚ್ಚಿಕೊಂಡು ಹೋದ ಹಾಗೆ, ಮಣಿಕಟ್ಟು ದಾಟಿ ಮೊಣಕೈಯವರೆಗೆ. ಎಷ್ಟು ನೋಯುತ್ತಿತ್ತು! ಇದನ್ನು ಹೊತ್ತುಕೊಂಡೇ ಇಷ್ಟು ದಿನ ಓಡಾಡಿದೆನೆ ಎಂದು ಅವಳಿಗೆ ಬೆರಗಾಯಿತು. ಲೋಟ ಜಾರಿತು. ಚಹಾ ನೆಲಕ್ಕೆ ಚೆಲ್ಲಿ, ಅವಳ ಪಾದಕ್ಕೂ ಅಕ್ಕನ ಪಾದಕ್ಕೂ ಸಿಡಿಯಿತು. ಕಟ್ಟೆಯ ಹತ್ತಿರದ ಜನ ತಿರುಗಿ ನೋಡಿದರು. ಅವಳಿಗೆ ನಾಚಿಕೆಯಾಗಲಿಲ್ಲ, ಆಗಬೇಕೆಂದು ನೆನಪಾಗಲೂ ಇಲ್ಲ.

"ನೋಯ್ತಿದೆ ಅಕ್ಕಾ" ಎಂದಳು, ಬೀದಿಯಲ್ಲಿ, ಚಿಕ್ಕ ಹುಡುಗಿಯ ಹಾಗೆ ಬಾಯಿ ತೆರೆದು ಅಳುತ್ತ. "ತುಂಬಾ ನೋಯ್ತಿದೆ."

ಅಕ್ಕ ಫೋನನ್ನು ಹಾಗೆಯೇ ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈ ಚಾಚಿದಳು. "ಎಲ್ಲಿ? ತೋರಿಸು."

ತಂಗಿ ತೋರಿಸಿದಳು.